ಶೋಧಕ್ಕೆ ಹೋದವರ ಮನಸ್ಸು: ಓದುಗರ ಪ್ರಶ್ನೆ, ಮನೋವೈದ್ಯರ ಉತ್ತರ

ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಕುಸಿದು ಹೆದ್ದಾರಿಯನ್ನು ದಾಟಿ ಗಂಗಾವಳಿ ಹೊಳೆಗೆ ಬಿದ್ದಾಗ ಪ್ರಾಣ ಕಳೆದುಕೊಂಡವರ ಬಗ್ಗೆಯೂ ಅವರ ಕುಟುಂಬಗಳ ಬಗ್ಗೆಯೂ ಸಾಕಷ್ಟು ಬರೆದದ್ದಾಗಿದೆ. ಮಣ್ಣು ತೆಗೆದವರು, ಹೊಳೆಯಲ್ಲಿ ಹುಡುಕಿದವರು, ಕಾಗದಪತ್ರ ಹಿಡಿದು ಮನೆಮನೆಗೆ ಹೋದವರು ಆಮೇಲೆ ಹೇಗಿದ್ದಾರೆ ಎಂದು ಕೇಳಿದವರು ಕಡಿಮೆ. ಈ ಸಲದ ಪತ್ರಗಳಲ್ಲಿ ನಾಲ್ಕು ಅದೇ ವಿಷಯಕ್ಕೆ ಸಂಬಂಧಿಸಿದ್ದರಿಂದ ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.

ಪ್ರಶ್ನೆ: ನಾನು ಹಿಟಾಚಿ ಓಡಿಸುವವನು, ವಯಸ್ಸು 34. ಶಿರೂರಿನಲ್ಲಿ ಗುಡ್ಡ ಬಿದ್ದ ಮೂರನೆಯ ದಿನದಿಂದ ಮಣ್ಣು ತೆಗೆಯುವ ಕೆಲಸದಲ್ಲಿದ್ದೆ. ಒಂದು ಸಂಜೆ ಬಕೆಟ್ ಎತ್ತಿದಾಗ ಕೆಸರಿನೊಳಗಿಂದ ಚಹಾ ಕೊಂಡೊಯ್ಯುವ ತಂತಿಯ ಸ್ಟ್ಯಾಂಡ್ ಬಂತು. ಅದರಲ್ಲಿ ಎರಡು ಗಾಜಿನ ಲೋಟಗಳು ಒಡೆಯದೆ ಉಳಿದಿದ್ದವು. ನಾನು ಶವಗಳನ್ನು ಕಂಡರೂ ಅಷ್ಟು ಹೆದರಿರಲಿಲ್ಲ. ಆ ಲೋಟಗಳು ಮಾತ್ರ ಈಗಲೂ ಕಣ್ಣ ಮುಂದೆ ಬರುತ್ತವೆ. ಅಂಗಡಿಯಲ್ಲಿ ಗಾಜಿನ ಲೋಟದಲ್ಲಿ ಚಹಾ ಕೊಟ್ಟರೆ ಕುಡಿಯಲು ಆಗುವುದಿಲ್ಲ. ಒದ್ದೆಯಾದ ಕೆಂಪು ಮಣ್ಣಿನ ಕೆಲಸ ಬಂದರೆ ಲಿವರ್ ಮೇಲೆ ಕೈ ನಡುಗುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಚಾಲಕನ ಸಮೇತ ಕಾಣೆಯಾದ ಲಾರಿಗಾಗಿ ನಾವು ಅಷ್ಟು ದಿನ ರಸ್ತೆಯ ಮೇಲಿನ ಮಣ್ಣನ್ನು ತೆಗೆದೆವು, ಅದು ಕೊನೆಗೆ ಸಿಕ್ಕಿದ್ದು ಹೊಳೆಯಲ್ಲಿ. ಮೊದಲೇ ತಿಳಿಯಬೇಕಿತ್ತು ಎನಿಸುತ್ತದೆ. ನಮ್ಮವರು ಯಾರೂ ಅಲ್ಲಿ ಸತ್ತಿಲ್ಲ. ಹೀಗಿರುವಾಗ ನಾನು ಹೀಗಾಗಿದ್ದೇನೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. (ಅಂಕೋಲಾ ತಾಲ್ಲೂಕು)

ಉತ್ತರ: ನಿಮ್ಮ ಪತ್ರದ ಕೊನೆಯ ಎರಡು ವಾಕ್ಯಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮನ್ನು ಇಷ್ಟು ಕಾಲ ವೈದ್ಯರ ಬಳಿಗೆ ಹೋಗದಂತೆ ತಡೆದಿರುವುದು ಆ ನಾಚಿಕೆಯೇ. ನಮ್ಮಲ್ಲಿ ದುಃಖಕ್ಕೂ ಸೂತಕದಂತೆ ಒಂದು ಲೆಕ್ಕವಿದೆ: ಯಾರಿಗೆ ಎಷ್ಟು ದಿನ, ಯಾರಿಗೆ ಇಲ್ಲವೇ ಇಲ್ಲ ಎಂದು ಸಂಬಂಧ ನೋಡಿ ಹೇಳಿಬಿಡುತ್ತೇವೆ. ಹಿಟಾಚಿಯ ಕ್ಯಾಬಿನ್ನಿನಲ್ಲಿ ಕುಳಿತವನಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಆದರೆ ಕಣ್ಣು ಕಂಡದ್ದನ್ನು ಮನಸ್ಸು ದಾಖಲಿಸಿಕೊಳ್ಳುವಾಗ ಸತ್ತವರು ದಾಯಾದಿಗಳೇ ಎಂದು ವಿಚಾರಿಸುವುದಿಲ್ಲ. ಆಘಾತದ ನಂತರದ ಒತ್ತಡದ ಕಾಯಿಲೆಯನ್ನು ಗುರುತಿಸುವ ವೈದ್ಯಕೀಯ ಮಾನದಂಡಗಳಲ್ಲೇ, ಕೆಲಸದ ನಿಮಿತ್ತ ಮೃತದೇಹಗಳನ್ನು ಮತ್ತೆ ಮತ್ತೆ ಕಾಣುವವರನ್ನೂ ಸೇರಿಸಲಾಗಿದೆ.

ಇನ್ನು ಲೋಟಗಳ ವಿಷಯ. ಶವ ಕಂಡಾಗ ಆಗದ ಕಳವಳ ಎರಡು ಗಾಜಿನ ಲೋಟ ಕಂಡಾಗ ಏಕಾಯಿತು ಎಂಬುದು ನಿಮಗೆ ವಿಚಿತ್ರವಾಗಿ ತೋರಿರಬಹುದು. ಈ ಕೆಲಸ ಬಲ್ಲವರಿಗೆ ಅದು ಹೊಸತಲ್ಲ. ದುರಂತ ಸ್ಥಳಗಳಲ್ಲಿ ಶವಗಳನ್ನು ನಿರ್ವಹಿಸಿದ ಸೈನಿಕರನ್ನೂ ಸ್ವಯಂಸೇವಕರನ್ನೂ ಅಧ್ಯಯನ ಮಾಡಿದವರು ಕಂಡುಕೊಂಡದ್ದೇನೆಂದರೆ, ಸತ್ತವರ ವಸ್ತುಗಳು, ಅಂದರೆ ಚಪ್ಪಲಿ, ಫೋಟೊ, ಮಕ್ಕಳ ಪಾಟಿಚೀಲ, ದೇಹಕ್ಕಿಂತ ಆಳವಾಗಿ ನಾಟಬಲ್ಲವು. ಶವ ಅಪರಿಚಿತವಾಗಿಯೇ ಉಳಿಯಬಹುದು, ವಸ್ತು ಉಳಿಯುವುದಿಲ್ಲ. ಅಂಥ ಲೋಟದಲ್ಲಿ ನೀವು ಸಾವಿರ ಸಲ ಚಹಾ ಕುಡಿದಿದ್ದೀರಿ. ಆ ಹೆದ್ದಾರಿಯ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಕುಡಿದದ್ದೂ ಇರಬಹುದು. ಇದು ನಾನೂ ಆಗಬಹುದಿತ್ತು ಎಂಬುದು ಆ ಕ್ಷಣದಲ್ಲಿ ನಿಮಗೆ ಮಾತಿಲ್ಲದೆ ತಿಳಿದಿದೆ.

ಲಾರಿಯ ಬಗ್ಗೆ ನೀವು ಹೊತ್ತುಕೊಂಡಿರುವ ತಪ್ಪಿನ ಭಾವನೆಯನ್ನು ಬಿಡಿಸಿ ನೋಡೋಣ. ಅದು ಹೊಳೆಯಲ್ಲಿದೆ ಎಂಬುದು ನಿಮಗೆ ಯಾವಾಗ ಗೊತ್ತಾಯಿತು? ರಸ್ತೆಯ ಮೇಲಿನ ರಾಶಿಯಲ್ಲಿ ಇಲ್ಲ ಎಂದು ತೋರಿಸಿದ್ದೇ ನೀವು ತೆಗೆದ ಮಣ್ಣು. ಆಮೇಲೆಯೂ ಹೊಳೆಯ ಸೆಳೆತ ನೌಕಾಪಡೆಯ ಮುಳುಗುಗಾರರನ್ನೇ ತಡೆಯಿತು. ಗೋವಾದಿಂದ ಡ್ರೆಜ್ಜರ್ ತರಿಸಿ ಲಾರಿಯನ್ನು ಮೇಲೆತ್ತುವಾಗ ಸೆಪ್ಟೆಂಬರ್ 25 ಆಗಿತ್ತು. ಸೆಪ್ಟೆಂಬರಿನಲ್ಲಿ ತಿಳಿದದ್ದನ್ನು ಜುಲೈ ತಿಂಗಳ ನಿಮ್ಮ ತಲೆಯ ಮೇಲೆ ಹೇರುತ್ತಿದ್ದೀರಿ. ಇಂಥ ಕೆಲಸ ಮಾಡಿದವರಲ್ಲಿ ಬಹಳ ಮಂದಿ ಹೀಗೆಯೇ ತಮ್ಮ ಮೇಲೆ ತಾವೇ ಮೊಕದ್ದಮೆ ಹೂಡಿಕೊಂಡಿರುತ್ತಾರೆ, ಮತ್ತು ಆ ಮೊಕದ್ದಮೆಯಲ್ಲಿ ವಕೀಲನೇ ಇರುವುದಿಲ್ಲ.

ನನ್ನಲ್ಲಿಗೆ ಬಂದಿದ್ದ ಒಬ್ಬರ ನೆನಪಾಗುತ್ತದೆ. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡ ಝರಿವಾಡದಲ್ಲಿ ಗುಡ್ಡ ಕುಸಿದು 19 ಮಂದಿ ಸತ್ತಾಗ ಗುದ್ದಲಿ ಹಿಡಿದು ಹೋದವರು ಅವರು. ಬಂದದ್ದು ಆರು ವರ್ಷದ ನಂತರ, ಅದೂ ಹೊಟ್ಟೆ ಉರಿ ಎಂದು. ಮಳೆ ಹಂಚಿನ ಮೇಲೆ ಜೋರಾಗಿ ಸುರಿದರೆ ಇಡೀ ಮನೆಯವರನ್ನು ಎಬ್ಬಿಸಿ ಕೂರಿಸುತ್ತಾರೆ ಎಂದು ಹೆಂಡತಿ ಹೇಳುವವರೆಗೆ ನನಗೂ ಹೊಳೆದಿರಲಿಲ್ಲ. ಆರು ವರ್ಷ ಕಳೆದಿದ್ದರೂ ಚಿಕಿತ್ಸೆ ಫಲಿಸಿತು. ನಿಮಗೆ ಅಷ್ಟು ಕಾಯುವ ಅಗತ್ಯವಿಲ್ಲ.

ಇಂಥ ಘಟನೆಯ ನಂತರದ ಮೊದಲ ಕೆಲವು ವಾರ ನಿದ್ದೆ ಕೆಡುವುದು, ಬೆಚ್ಚಿ ಬೀಳುವುದು ಸಹಜ. ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ಮುಂದುವರಿದು ಕೆಲಸಕ್ಕೆ ಅಡ್ಡಿಯಾದರೆ ಅದನ್ನು ಕಾಯಿಲೆಯೆಂದೇ ಪರಿಗಣಿಸಬೇಕು, ಮತ್ತು ನಿಮ್ಮದು ಆ ಗಡುವನ್ನು ದಾಟಿ ಬಹಳ ದಿನವಾಗಿದೆ. ಇದಕ್ಕೆ ಮುಖ್ಯ ಚಿಕಿತ್ಸೆ ಮಾತಿನದು: ತರಬೇತಿ ಪಡೆದವರ ಜೊತೆ ಕುಳಿತು ಆ ನೆನಪನ್ನು ಮೊದಲಿನಿಂದ ಕೊನೆಯವರೆಗೆ, ಸುರಕ್ಷಿತ ಜಾಗದಲ್ಲಿ, ಮತ್ತೆ ಮತ್ತೆ ಹಾದುಹೋಗುವುದು. ಅಗತ್ಯವಿದ್ದರೆ ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ನೆರವಾಗುತ್ತವೆ. ಔಷಧದ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ನುಂಗುವುದು ಬೇಡ. ಅವು ಈ ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಅಲ್ಲದೆ ಬೆಳಗಿನ ಮಂಪರಿನಲ್ಲಿ ನೀವು ಓಡಿಸುವುದು ಸೈಕಲ್ಲನ್ನಲ್ಲ. ಕೈ ನಡುಗಿದ ಕೂಡಲೇ ಬಕೆಟನ್ನು ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿ, ಕೆಳಗಿಳಿದು ಹತ್ತು ನಿಮಿಷ ನಿಲ್ಲಿ. ಕಾರಣ ಕೇಳಿದರೆ ಹೈಡ್ರಾಲಿಕ್ ನೋಡುತ್ತಿದ್ದೇನೆ ಎಂದರೂ ಸರಿಯೇ, ಇಂಥ ಸುಳ್ಳಿಗೆ ನನ್ನ ಆಕ್ಷೇಪವಿಲ್ಲ.

ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೂ ನಿಗದಿತ ಮಂಗಳವಾರಗಳಂದು ಅವರು ಬರುವ ಏರ್ಪಾಡಿದೆ. ದಿನ ಯಾವುದೆಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಯಾರೂ ಸಿಗದಾಗ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ ಉಚಿತ, ಕನ್ನಡದಲ್ಲಿ ಮಾತನಾಡುತ್ತಾರೆ, ಹಗಲು ರಾತ್ರಿ ಇರುತ್ತದೆ. ಬದುಕು ಸಾಕು ಎಂಬ ಯೋಚನೆ ಒಮ್ಮೆಯಾದರೂ ಬಂದಿದ್ದರೆ ಮಂಗಳವಾರಕ್ಕೂ ಕಾಯಬೇಡಿ.

ಪ್ರಶ್ನೆ: ನಮ್ಮ ಯಜಮಾನರು ಮೀನುಗಾರರು. ಜೂನ್, ಜುಲೈ ಬೋಟು ಬಂದ್ ಇರುವ ಕಾಲವಾದ್ದರಿಂದ ಮನೆಯಲ್ಲಿದ್ದವರು, ಗುಡ್ಡ ಬಿದ್ದ ಸುದ್ದಿ ಕೇಳಿ ದೋಣಿ ತೆಗೆದುಕೊಂಡು ಹೊಳೆಬಾಯಿಯವರೆಗೆ ಎರಡು ವಾರ ಹುಡುಕಿದರು. ಏನು ಕಂಡರು ಎಂದು ಇವತ್ತಿಗೂ ಹೇಳಿಲ್ಲ. ಈಗ ಹೊಳೆಯ ಮೀನನ್ನು ಮನೆಗೆ ತರುವುದಿಲ್ಲ. ದಿನವೂ ರಾತ್ರಿ ಕುಡಿಯುತ್ತಾರೆ, ಮೊದಲು ಹೀಗಿರಲಿಲ್ಲ. ಮಕ್ಕಳು ನೀರಿನ ಹತ್ತಿರ ಹೋದರೆ ಹೊಡೆಯಲು ಬರುತ್ತಾರೆ. ಆಸ್ಪತ್ರೆ ಎಂದರೆ, ನನಗೆ ಹುಚ್ಚು ಹಿಡಿದಿದೆಯೇ ಎನ್ನುತ್ತಾರೆ. (ಗಂಗಾವಳಿ ತೀರದ ಓದುಗರು)

ಉತ್ತರ: ತಾಯೀ, ಅವರು ಮಕ್ಕಳ ಮೇಲೆ ಕೈ ಎತ್ತುವುದರ ಹಿಂದೆ ಇರುವುದು ಹೆದರಿಕೆ. ಹಾಗೆಂದು ಹೊಡೆತವನ್ನು ಸಹಿಸಬೇಕೆಂದಲ್ಲ. ಹೊಡೆಯಬೇಡಿ, ನಾನೇ ಕರೆದುಕೊಂಡು ಬರುತ್ತೇನೆ ಎಂದು ಆ ಹೊತ್ತಿನಲ್ಲಿ ಸ್ಪಷ್ಟವಾಗಿ ಹೇಳಿ. ಅಪ್ಪನಿಗೆ ಹೊಳೆಯ ಹೆದರಿಕೆ ಇನ್ನೂ ಹೋಗಿಲ್ಲ, ಅದಕ್ಕೆ ನೀವು ಕಾರಣರಲ್ಲ ಎಂದು ಮಕ್ಕಳಿಗೂ ತಿಳಿಸಿ. ಮಕ್ಕಳು ಎಲ್ಲವನ್ನೂ ತಮ್ಮ ತಪ್ಪೆಂದೇ ತಿಳಿಯುವ ಜಾತಿಯವರು.

ಏನು ಕಂಡಿರಿ ಎಂದು ಕೇಳುವುದನ್ನು ನಿಲ್ಲಿಸಿ. ಅವರು ಹೇಳದಿರುವುದು ನಿಮ್ಮ ಮೇಲೆ ನಂಬಿಕೆ ಇಲ್ಲದೆ ಅಲ್ಲ, ಆ ಚಿತ್ರ ನಿಮ್ಮ ಕಣ್ಣಿಗೂ ಬರಬಾರದು ಎಂದು. ಬಲೆ ಹೆಣೆಯುವಾಗ, ಹರಿದದ್ದನ್ನು ಸರಿಪಡಿಸುವಾಗ ಪಕ್ಕದಲ್ಲಿ ಕುಳಿತಿರಿ. ಎದುರು ಕೂರಿಸಿ ಕೇಳಿದರೆ ಬಾಯಿ ಬಿಡದ ಗಂಡಸರು ಕೈಯಲ್ಲಿ ಕೆಲಸವಿದ್ದಾಗ ಎರಡು ಮಾತು ಆಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕುಡಿತ ಬೇಗ ನಿದ್ದೆ ಬರಿಸುತ್ತದೆ, ಆದರೆ ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಕೆಡಿಸುತ್ತದೆ. ಎಚ್ಚರವಾದವರು ಮರುದಿನ ಇನ್ನೂ ಸ್ವಲ್ಪ ಹೆಚ್ಚು ಕುಡಿಯುತ್ತಾರೆ. ಆದರೂ, ಇಲ್ಲಿ ಗಮನವಿರಲಿ, ಬಾಟಲಿಯನ್ನು ಒಡೆದುಹಾಕಿ ಒಂದೇ ದಿನದಲ್ಲಿ ಬಿಡಿಸಲು ಹೋಗಬೇಡಿ. ಬಹಳ ದಿನ ಹೆಚ್ಚು ಕುಡಿದವರು ಥಟ್ಟನೆ ನಿಲ್ಲಿಸಿದರೆ ಕೈ ನಡುಕದಿಂದ ಹಿಡಿದು ಫಿಟ್ಸ್‌ವರೆಗೆ ಅಪಾಯವಿದೆ, ಅದು ವೈದ್ಯರ ಕಣ್ಗಾವಲಿನಲ್ಲೇ ಆಗಬೇಕು. ಹುಚ್ಚಿನ ಮಾತೇ ಎತ್ತದೆ, ನಿದ್ದೆ ಇಲ್ಲವಲ್ಲ, ಅದಕ್ಕೆ ಔಷಧ ಕೇಳೋಣ ಎಂದು ಹೊರಡಿಸಿ. ಒಪ್ಪದಿದ್ದರೆ ಮೊದಲ ಸಲ ನೀವೊಬ್ಬರೇ ಹೋಗಿ ವೈದ್ಯರಿಗೆ ವಿಷಯ ತಿಳಿಸಿ. ನಿಮ್ಮ ನಿದ್ದೆಯೂ ಕೆಟ್ಟಿರುವುದು ಪತ್ರದಲ್ಲಿ ಕಾಣುತ್ತದೆ.

ಪ್ರಶ್ನೆ: ಶಿರಸಿಯಲ್ಲಿ ನಮ್ಮದೊಂದು ಯುವಕರ ತಂಡವಿದೆ. ದೇವಿಮನೆ ಘಟ್ಟದಲ್ಲಿ ಧರೆ ಕುಸಿದಾಗ, ನೆರೆ ಬಂದಾಗ ನೆರವಿಗೆ ಹೋಗುತ್ತೇವೆ. ದೊಡ್ಡ ಅನಾಹುತದ ಕೆಲಸ ಮುಗಿದ ಸಂಜೆಯೇ ಎಲ್ಲರನ್ನೂ ವೃತ್ತಾಕಾರವಾಗಿ ಕೂರಿಸಿ, ಕಂಡದ್ದನ್ನೆಲ್ಲ ಒಬ್ಬೊಬ್ಬರಿಂದ ಹೇಳಿಸಿದರೆ ಮನಸ್ಸು ಹಗುರವಾಗುತ್ತದೆ ಎಂದು ತರಬೇತಿಗೆ ಬಂದವರೊಬ್ಬರು ಹೇಳಿದರು. ಇದು ಸರಿಯೇ?

ಉತ್ತರ: ಸರಿಯಲ್ಲ. ಒಂದು ಕಾಲದಲ್ಲಿ ಹಾಗೆ ನಂಬಲಾಗಿತ್ತು. ಆದರೆ ಘಟನೆಯ ಬೆನ್ನಲ್ಲೇ ಎಲ್ಲರಿಂದಲೂ ಕಡ್ಡಾಯವಾಗಿ ಹೇಳಿಸುವ ಒಂದೇ ಬೈಠಕ್ಕಿನಿಂದ ಮುಂದಿನ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ಪರೀಕ್ಷಿಸಿ ನೋಡಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಶಿಫಾರಸು ಮಾಡುವುದಿಲ್ಲ. ಅದರ ಬದಲಿಗೆ 2011ರಲ್ಲಿ ಅದು ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಬಹಳ ಸರಳ: ಯಾರಿಗೆ ಏನಾಗಿದೆ ನೋಡಿ, ಹೇಳಬಯಸುವವರ ಮಾತನ್ನು ಕೇಳಿ, ಬೇಕಾದ ನೆರವಿಗೆ ಜೋಡಿಸಿ. ಬಿಸಿ ಗಂಜಿ, ಒಣ ಬಟ್ಟೆ, ಮನೆಗೆ ಒಂದು ಫೋನು, ನಿದ್ದೆ. ಮೊದಲ ರಾತ್ರಿಗೆ ಇವು ಸಾಕು. ಹೇಳಬೇಕೆನಿಸಿದವನು ಹೇಳಲಿ, ಸುಮ್ಮನಿರುವವನು ಸುಮ್ಮನಿರಲಿ.

ನಿಮ್ಮ ಶ್ರಮ ಹೋಗುವ ಮುಂಚೆಯೇ ಬೇಕು. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವನನ್ನು, ಚಿಕ್ಕ ಮಕ್ಕಳ ತಂದೆಯನ್ನು ಶವಗಳ ಹತ್ತಿರದ ಕೆಲಸಕ್ಕೆ ಹಾಕಬೇಡಿ; ಅವರಿಗೆ ಅಡುಗೆ, ಸಾಗಾಟ, ಫೋನಿನ ಕೆಲಸ ಕೊಡಿ, ಅದೂ ಕೆಲಸವೇ. ಹೊಸಬನನ್ನು ಅನುಭವಿಯ ಜೊತೆಗೇ ಕಳುಹಿಸಿ. ಏನು ಕಾಣಬಹುದು, ವಾಸನೆ ಹೇಗಿರಬಹುದು ಎಂಬುದನ್ನು ಮೊದಲೇ ಹೇಳಿ, ಏಕೆಂದರೆ ಅನಿರೀಕ್ಷಿತವಾಗಿ ಕಂಡದ್ದು ಹೆಚ್ಚು ಕಾಡುತ್ತದೆ. ದೇಹ ಎತ್ತುವವರು ಮುಖವನ್ನು ದಿಟ್ಟಿಸದಿರಲಿ, ಸಿಕ್ಕಿದ ತಕ್ಷಣ ಬಟ್ಟೆ ಮುಚ್ಚಲಿ. ಜೇಬಿನ ಪರ್ಸು, ಫೋಟೊಗಳನ್ನು ದಾಖಲಿಸುವ ಕೆಲಸ ದೇಹ ಎತ್ತಿದವನದಾಗುವುದು ಬೇಡ. ವಿಡಿಯೊ ಯಾರೂ ಮಾಡಬಾರದು. ಸತ್ತವರ ಘನತೆಯ ಪ್ರಶ್ನೆ ಅದರಲ್ಲಿ ಇದ್ದೇ ಇದೆ. ನಿಮ್ಮ ಹುಡುಗರ ವಿಷಯಕ್ಕೆ ಬಂದರೆ, ಮೊಬೈಲಿನಲ್ಲಿ ಉಳಿದ ದೃಶ್ಯವನ್ನು ಅವರು ರಾತ್ರಿ ಒಬ್ಬರೇ ಕುಳಿತು ನೋಡುತ್ತಾರೆ.

ತಂಡದ ವಹಿಯಲ್ಲಿ ಒಂದು ತಿಂಗಳ ನಂತರದ ದಿನಾಂಕ ಬರೆದಿಟ್ಟು, ಅಂದು ಪ್ರತಿಯೊಬ್ಬನಿಗೂ ಕರೆ ಮಾಡಿ ನಿದ್ದೆ ಹೇಗಿದೆ ಎಂದು ಕೇಳಿ. ಸನ್ಮಾನದ ಶಾಲು ಹೊದಿಸಲು ಮುಂದೆ ಬರುವವರು ಬಹಳ, ಈ ಫೋನು ಮಾಡುವವರು ಇಲ್ಲ.

ಪ್ರಶ್ನೆ: ನಾನು ಗ್ರಾಮ ಪಂಚಾಯ್ತಿ ನೌಕರ. ಕೆಲವು ವರ್ಷಗಳ ಹಿಂದೆ ನೆರೆಯಲ್ಲಿ ಕೊಚ್ಚಿಹೋದ ಯುವಕನ ದೇಹ ಸಿಗಲಿಲ್ಲ. ಕಾಗದಪತ್ರಕ್ಕಾಗಿ ಆ ಮನೆಗೆ ಹೋದಾಗಲೆಲ್ಲ ಅವನ ತಾಯಿ, ಏನಾದರೂ ಸಿಕ್ಕಿತೇ ತಮಾ ಎಂದು ಕೇಳುತ್ತಾರೆ. ದೇವರಲ್ಲಿ ಪ್ರಸಾದ ಕೇಳಿದಾಗ ಬಲಗಡೆ ಬಿತ್ತು, ಅವನು ಇದ್ದಾನೆ ಎನ್ನುತ್ತಾರೆ. ಉತ್ತರ ಹೇಳಲಾಗದೆ ಈಗ ಆ ಕೇರಿಗೆ ಹೋಗುವುದನ್ನೇ ತಪ್ಪಿಸುತ್ತಿದ್ದೇನೆ. (ಕಾರವಾರ ತಾಲ್ಲೂಕು)

ಉತ್ತರ: ದೇಹ ಸಿಗದ ಸಾವನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಪಾಲಿನ್ ಬಾಸ್ ಅವರು ಅನಿಶ್ಚಿತ ನಷ್ಟ ಎಂದು ಕರೆದರು; ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಗಳನ್ನು ನೋಡಿ ಅವರು ಕಂಡುಕೊಂಡ ಮಾತದು. ಅಂಥ ಮನೆಯವರು ಏಕಕಾಲಕ್ಕೆ ಇದ್ದಾನೆ ಎಂದೂ ಇಲ್ಲ ಎಂದೂ ನಂಬಬಲ್ಲರು, ಅದು ಭ್ರಮೆಯಲ್ಲ. ದರ್ಭೆಯ ಪ್ರತಿಕೃತಿ ಮಾಡಿ ಸಂಸ್ಕಾರ ನಡೆಸುವ ವಿಧಿ ನಮ್ಮಲ್ಲಿ ಇರುವುದೂ ಇಂಥ ಮನೆಗಳಿಗಾಗಿಯೇ. ಆದರೆ ಅದು ಯಾವಾಗ ಎಂಬುದನ್ನು ಆ ತಾಯಿಯೇ ಹೇಳಬೇಕು, ನೀವಾಗಲಿ ನಾನಾಗಲಿ ಅಲ್ಲ. ಪ್ರಸಾದದ ಬಗ್ಗೆ ವಾದಕ್ಕೆ ಇಳಿಯಬೇಡಿ.

ಕೇಳಿದಾಗ, ಏನೂ ಸಿಕ್ಕಿಲ್ಲ ಅಮ್ಮಾ, ಸಿಕ್ಕರೆ ಮೊದಲು ನಿಮಗೇ ಹೇಳುತ್ತೇನೆ ಎನ್ನಿ. ಸುಳ್ಳು ಭರವಸೆಯೂ ಬೇಡ, ಇನ್ನು ಬಿಟ್ಟುಬಿಡಿ ಎಂಬ ಉಪದೇಶವೂ ಬೇಡ. ನೀವು ತಪ್ಪಿಸಿಕೊಂಡಷ್ಟೂ ನಿಮ್ಮ ತಲೆಯಲ್ಲಿ ಆ ಪ್ರಶ್ನೆ ದೊಡ್ಡದಾಗುತ್ತದೆ. ಒಂದು ಸಲ ಕೈಯಲ್ಲಿ ಫೈಲು ಇಲ್ಲದೆ ಹೋಗಿ ಬನ್ನಿ. ಜಗಲಿಯಲ್ಲಿ ಕುಳಿತು, ಅವನು ಚಿಕ್ಕವನಿದ್ದಾಗ ಹೇಗಿದ್ದ ಎಂದು ನೀವೇ ಕೇಳಿ.