ಉಂಚಳ್ಳಿ ಕಡೆ ಸಿಂಗಳೀಕ ಕಾಣಲಿಲ್ಲ: ಪ್ರತಿಕ್ರಿಯೆ
ಉತ್ತರ ಕನ್ನಡದ ಉಂಚಳ್ಳಿ ಜಲಪಾತದ ಕಡೆ ಸಿಂಗಳೀಕವನ್ನು, ಅಂದರೆ ಸಿಂಹಬಾಲದ ಕಪ್ಪು ಮಂಗವನ್ನು, ಮಧ್ಯಾಹ್ನ ಹುಡುಕಿದಿರಿ, ಬರೀ ಉದ್ದ ಬಾಲದ ಬೂದು ಮಂಗ ಕಂಡಿತು ಅಂದಿದ್ದೀರಿ. ಅದು ಮುಸಿಯ. ಬಹುಶಃ ಹೊತ್ತೇ ತಪ್ಪಿದೆ. ಬಿಸಿಲೇರಿದ ಮೇಲೆ ಸಿಂಗಳೀಕದ ಓಡಾಟ ಕಡಿಮೆ, ಇರುವುದೂ ಮರದ ತುದಿಯಲ್ಲೇ.

ಬೆಳಿಗ್ಗೆ ಏಳರೊಳಗೆ ಹೋಗಿ. ಕಾಡಿಗೆ ನುಗ್ಗಬೇಡಿ, ರಸ್ತೆ ಬದಿಯಲ್ಲೇ ಸುಮ್ನೆ ನಿಂತು ಕಿವಿಗೊಡಿ. ಮೊದಲು ಕೊಂಬೆ ಅಲ್ಲಾಡುತ್ತದೆ, ಅರ್ಧ ಕಚ್ಚಿದ ಹಣ್ಣು ತೊಪ್ಪನೆ ಬೀಳುತ್ತದೆ. ಆಗ ದುರ್ಬೀನು ಎತ್ತಿ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಬಣ್ಣದ ಕೂದಲು, ಗಿಡ್ಡ ಬಾಲದ ತುದಿಗೆ ಕುಚ್ಚು. ಎಷ್ಟು ಚೆಂದ ಅಂತೀರಿ! ಒಂದೇ ದಿನಕ್ಕೆ ಸಿಗುತ್ತದೆ ಅಂತ ಹೇಳಲಾಗದು, ಎರಡು ಬೆಳಗು ಇಟ್ಟುಕೊಳ್ಳಿ.

ದಯವಿಟ್ಟು ತಿಂಡಿ ಹಾಕಬೇಡಿ. ರುಚಿ ಹತ್ತಿದರೆ ರಸ್ತೆಗಿಳಿದು ಗಾಡಿಗೆ ಸಿಕ್ಕಿ ಸಾಯುತ್ತವೆ. ಬೇಸಿಗೆಯಾದರೆ ರಕ್ತ ಹೀರುವ ಉಣುಗು ಜಾಸ್ತಿ, ಅದು ಕಚ್ಚಿದರೆ ಮಂಗನ ಕಾಯಿಲೆ ಬರುವ ಭಯವಿದೆ. ತುಂಬು ತೋಳಿನ ಬಟ್ಟೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ.