ಗೇಟಿನ ಒಳಗೆ ಒಂದೇ ಊಟ ಸಾಕು

ಓದುಗರ ಪತ್ರ: "ಕಳೆದ ಬೇಸಿಗೆಯಲ್ಲಿ ಮಕ್ಕಳನ್ನು ಒಂದು ಮನರಂಜನಾ ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದೆವು. ನಾವು ಆರು ಜನ: ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು, ತಂಗಿಯ ಮಗ ಮತ್ತು ಸಕ್ಕರೆ ಕಾಯಿಲೆ ಇರುವ ನಮ್ಮ ಅತ್ತೆ. ಮಕ್ಕಳು ದಾರಿಯುದ್ದಕ್ಕೂ ನಿದ್ದೆ ಮಾಡಿ ಖಾಲಿ ಹೊಟ್ಟೆಯಲ್ಲೇ ಒಳಗೆ ಹೋದರು. ಕಟ್ಟಿಕೊಂಡು ಹೋದ ಬುತ್ತಿಯನ್ನು ಗೇಟಿನಲ್ಲಿ ತಡೆದರು. ಒಳಗೆ ತಿಂದದ್ದಕ್ಕೇ 5,140 ರೂಪಾಯಿ ಆಯಿತು. ಲೆಕ್ಕದ ಚೀಟಿ ಲಗತ್ತಿಸಿದ್ದೇನೆ. ಈ ಡಿಸೆಂಬರಿನಲ್ಲಿ ಬಿಡದಿಯ ಬಳಿಯ ವಂಡರ್‌ಲಾಗೆ ಹೋಗಲೇಬೇಕೆಂದು ಮಕ್ಕಳ ಹಟ. ನಸುಕಿನಲ್ಲಿ ಕಾರಿನಲ್ಲಿ ಹೊರಟು, ರಾತ್ರಿ ಅಲ್ಲೇ ತಂಗಿ, ಮರುದಿನ ವಾಪಸಾಗುವ ಯೋಚನೆಯಿದೆ. ಊಟದ ಖರ್ಚನ್ನು ಹಿಡಿತದಲ್ಲಿ ಇಡುವುದು ಹೇಗೆ? ಬುತ್ತಿ ತರಬೇಡಿ ಎನ್ನುವ ಹಕ್ಕು ಅವರಿಗೆ ಇದೆಯೇ?" (ದಾವಣಗೆರೆಯ ಓದುಗರೊಬ್ಬರು)

ಸಂಪಾದಕರ ಉತ್ತರ:

ಮಾನ್ಯ ಸೋದರಿ,

ತಾವು ಪತ್ರದೊಂದಿಗೆ ಚೀಟಿಯನ್ನೂ ಕಳಿಸಿದ್ದು ಒಳ್ಳೆಯದಾಯಿತು, ಏಕೆಂದರೆ ಉತ್ತರದ ಬಹುಪಾಲು ಅದರಲ್ಲೇ ಇದೆ. ಆರು ಜನರ ಮಧ್ಯಾಹ್ನದ ಊಟಕ್ಕೆ ಆಗಿರುವುದು 2,160 ರೂಪಾಯಿ. ಉಳಿದ 2,980 ರೂಪಾಯಿಯಲ್ಲಿ ನೀರು ಮತ್ತು ತಂಪು ಪಾನೀಯಕ್ಕೆ 1,120, ಐಸ್‌ಕ್ರೀಮ್ ಮತ್ತು ಬೇಯಿಸಿದ ಜೋಳಕ್ಕೆ 940, ಸಂಜೆ ಐದರ ಸುಮಾರಿಗೆ ಹಸಿವು ತಡೆಯದೆ ಕೊಂಡ ನೂಡಲ್ಸ್‌ಗೆ 920 ಹೋಗಿದೆ. ಅಂದರೆ ನಿಮ್ಮ ಕೈ ಸುಟ್ಟದ್ದು ಊಟವಲ್ಲ, ಊಟದ ಆಚೀಚೆ ನಡೆದ ಚಿಲ್ಲರೆ ತಿನ್ನಾಟ. ಆದ್ದರಿಂದ ಒಳಗಿನ ಊಟವನ್ನು ಕಡಿತಗೊಳಿಸುವ ಯೋಚನೆ ಬೇಡ. ಅದೊಂದನ್ನು ಹೊಟ್ಟೆತುಂಬ ಮಾಡಿ, ಉಳಿದೆಲ್ಲವನ್ನೂ ಗೇಟಿನ ಹೊರಗೇ ಮುಗಿಸುವಂತೆ ದಿನವನ್ನು ಹೊಂದಿಸಿಕೊಳ್ಳುವುದೇ ನನಗೆ ಸರಿಯೆನಿಸುತ್ತದೆ.

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ಅಲ್ಲಿ ತುಮಕೂರು ರಸ್ತೆಯಿಂದ ನೈಸ್ ರಸ್ತೆ ಹಿಡಿದರೆ ಊರೊಳಗಿನ ದಟ್ಟಣೆ ತಪ್ಪಿಸಿ ಮೈಸೂರು ರಸ್ತೆ ಸೇರಬಹುದು. ನಸುಕಿನ ನಾಲ್ಕಕ್ಕೆ ಹೊರಟವರು ಹತ್ತರ ಹೊತ್ತಿಗೆ ಬಿಡದಿ ಮುಟ್ಟುತ್ತೀರಿ; ಉದ್ಯಾನದ ಬಾಗಿಲು ತೆರೆಯುವುದು ಸಾಮಾನ್ಯವಾಗಿ ಹನ್ನೊಂದಕ್ಕೆ. ಈ ಆರೇಳು ಗಂಟೆಗಳಲ್ಲಿ ಎರಡು ಬಾರಿ ತಿನ್ನಲು ಅವಕಾಶವಿದೆ. ಹೋದ ಸಲ ಮಕ್ಕಳು ದಾರಿಯುದ್ದಕ್ಕೂ ನಿದ್ದೆ ಮಾಡಿ ಖಾಲಿ ಹೊಟ್ಟೆಯಲ್ಲಿ ಒಳಗೆ ಹೋದರೆಂದು ಬರೆದಿದ್ದೀರಿ. ಹಸಿದ ಮಗುವನ್ನು ಅಂಗಡಿಸಾಲಿನ ನಡುವೆ ಬಿಟ್ಟ ಮೇಲೆ ಯಾವ ಲೆಕ್ಕಾಚಾರವೂ ನಿಲ್ಲುವುದಿಲ್ಲ.

ಮೊದಲನೆಯ ತಿಂಡಿ ಏಳರ ಸುಮಾರಿಗೆ, ಹಿರಿಯೂರು ದಾಟಿ ಶಿರಾ ಕಡೆಗೆ ಸಾಗುವಾಗ, ಮನೆಯ ಬುತ್ತಿಯಿಂದಲೇ ಆಗಲಿ. ಇದಕ್ಕೆ ಮೆಂತ್ಯದ ಚಪಾತಿ ಅಥವಾ ಹುಳಿಯನ್ನ ಒಳ್ಳೆಯದು. ಬೇಯಿಸಿದ ಅನ್ನದಲ್ಲಿ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಸಾಯದೆ ಉಳಿದು, ಅನ್ನ ಬೆಚ್ಚಗೆ ಇದ್ದಷ್ಟು ಹೊತ್ತೂ ಬೆಳೆಯುತ್ತವೆ. ಹುಣಸೆಯ ಹುಳಿ ಆ ಬೆಳವಣಿಗೆಯನ್ನು ತಡೆಯುವುದರಿಂದ ಪ್ರಯಾಣಕ್ಕೆ ಬರಿಯ ಅನ್ನಕ್ಕಿಂತ ಹುಳಿಯನ್ನ ಮೇಲು. ಬಿಸಿ ಅನ್ನವನ್ನು ಹಾಗೆಯೇ ಡಬ್ಬಿಗೆ ತುಂಬದೆ, ಅಗಲವಾದ ತಟ್ಟೆಯಲ್ಲಿ ಹರವಿ, ಆರಿದ ಮೇಲೆ ಕಲಸಿ ಕಟ್ಟಿ. ಈ ಬುತ್ತಿ ಬೆಳಿಗ್ಗೆಯೇ ಮುಗಿಯಬೇಕು. ಉಳಿದರೆ ಸಂಜೆಗೆಂದು ಎತ್ತಿಡಬೇಡಿ. ಡಿಸೆಂಬರಿನ ಗಾಳಿ ತಂಪಾಗಿದ್ದರೂ ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನ ಒಳಗೆ ಹೊರಗಿಗಿಂತ ಬಹಳ ಹೆಚ್ಚು ಕಾವು ಇರುತ್ತದೆ. ಮೊಸರನ್ನವನ್ನಂತೂ ಆ ಕಾರಿನಲ್ಲಿ ಇಡುವ ಮಾತೇ ಬೇಡ.

ಸಂಜೆಗೆಂದು ಕಾರಿನಲ್ಲಿ ಉಳಿಯಬೇಕಾದದ್ದು ತೇವಾಂಶವಿಲ್ಲದ ತಿನಿಸು ಮಾತ್ರ, ಮತ್ತು ಈ ವಿಷಯದಲ್ಲಿ ನಮ್ಮ ಸೀಮೆಯವರು ಯಾರಿಂದಲೂ ಕಲಿಯಬೇಕಾದ್ದಿಲ್ಲ. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ, ಅಗಸೆ ಚಟ್ನಿಪುಡಿ, ಶೇಂಗಾ ಉಂಡೆ ಇವಾವುದಕ್ಕೂ ಕಾರಿನ ಕಾವಿನ ಭಯವಿಲ್ಲ. ಇನ್ನು ಮಂಡಕ್ಕಿ ಭಟ್ಟಿಗಳ ಊರಿನವರಾಗಿ ನಾವು ದೂರದ ಊರಿನಲ್ಲಿ ಕಾಗದದ ಲೋಟದ ಪಾಪ್‌ಕಾರ್ನ್‌ಗೆ ಸಾಲು ನಿಲ್ಲುವುದು ನನಗೆ ಪ್ರತಿ ಸಲವೂ ಸೋಜಿಗ ತರುತ್ತದೆ. ಮಂಡಕ್ಕಿಗೆ ಪುಟಾಣಿ, ಹುರಿದ ಶೇಂಗಾ, ಒಣಮೆಣಸಿನಕಾಯಿಯ ಒಗ್ಗರಣೆ ಬೆರೆಸಿ, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿದರೆ ಮರುದಿನ ವಾಪಸು ಬರುವ ತನಕ ಗರಿಗರಿಯಾಗಿಯೇ ಇರುತ್ತದೆ. ಈರುಳ್ಳಿಯನ್ನು ಮಾತ್ರ ತಿನ್ನುವ ಹೊತ್ತಿಗೆ ಹೆಚ್ಚಿಕೊಳ್ಳಿ.

ಎರಡನೆಯ ತಿಂಡಿಯನ್ನು ಬಿಡದಿಯಲ್ಲಿ ಕೊಂಡೇ ತಿನ್ನಿ ಎಂಬುದು ನನ್ನ ಸಲಹೆ. ಬೆಂಗಳೂರಿನಿಂದ ಬರುವವರಿಗೆ ಉದ್ಯಾನ ಮೊದಲು ಸಿಗುತ್ತದೆ, ಬಿಡದಿ ಊರು ಅದರ ಮುಂದಿದೆ. 2023ರಲ್ಲಿ ಉದ್ಘಾಟನೆಯಾದ ಹೊಸ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲೇ ಸಾಗಿದರೆ ಊರು ಬೈಪಾಸಿನಲ್ಲಿ ತಪ್ಪಿಹೋಗುವುದರಿಂದ ಸರ್ವಿಸ್ ರಸ್ತೆಯನ್ನೇ ಹಿಡಿಯಬೇಕು. ಬಿಡದಿಯ ತಟ್ಟೆ ಇಡ್ಲಿಗೆ ನಾನು ಹೆಚ್ಚು ಪರಿಚಯ ಹೇಳಬೇಕಾಗಿಲ್ಲ. ಬೆಣ್ಣೆ ದೋಸೆಯ ಊರಿನ ಮಕ್ಕಳು ಅದರ ಮೇಲೆ ಬೆಣ್ಣೆ ಕಂಡರೆ ಬೇಡವೆನ್ನಲಾರರು. ಹಬೆಯಲ್ಲಿ ಬೆಂದದ್ದಾದ್ದರಿಂದ ತಿರುಗುವ ಆಟಗಳಿಗೆ ಮುನ್ನ ಹೊಟ್ಟೆಗೆ ಭಾರವೂ ಅಲ್ಲ. ಎಣ್ಣೆಯಲ್ಲಿ ಕರಿದ ವಡೆಯನ್ನು ಮಾತ್ರ ಆ ಹೊತ್ತಿಗೆ ಬೇಡವೆನ್ನಿ. ಹೀಗೆ ಹತ್ತೂವರೆಗೆ ತಿಂದು ಒಳಗೆ ಹೋದವರಿಗೆ ಮಧ್ಯಾಹ್ನ ಎರಡರವರೆಗೆ ಹಸಿವಾಗದು.

ಒಳಗಿನ ಊಟಕ್ಕೆ ಮಧ್ಯಾಹ್ನ ಒಂದರ ಹೊತ್ತಿನ ನೂಕುನುಗ್ಗಲು ಕಳೆದು, ಎರಡೂವರೆಯ ಹೊತ್ತಿಗೆ ಕುಳಿತುಕೊಳ್ಳಿ. ಆರು ಜನರೂ ಬೇರೆ ಬೇರೆ ಬೇಕೆಂದರೆ ಬಿಲ್ಲು ಏರುತ್ತದೆ. ಅನ್ನ, ರೊಟ್ಟಿ, ಪಲ್ಯ ಸೇರಿದ ಊಟವನ್ನು ಮೊದಲು ನಾಲ್ಕು ತರಿಸಿ, ಸಾಲದಿದ್ದರೆ ಮತ್ತೊಂದು ಕೇಳುವುದೇ ಸರಿ. ಊಟವಾದೊಡನೆ ಎತ್ತರದ ಆಟಗಳಿಗೆ ಓಡದೆ ಮುಕ್ಕಾಲು ಗಂಟೆಯಾದರೂ ನೆರಳಿನಲ್ಲಿ ಕುಳಿತಿರಿ. ಐಸ್‌ಕ್ರೀಮ್ ಬೇಡವೆಂದು ನಾನು ಹೇಳಲಾರೆ, ರಜೆಗೆ ಹೋದ ಮಕ್ಕಳಿಗೆ ಅಷ್ಟೂ ಇಲ್ಲವೆಂದರೆ ಹೇಗೆ? ಒಬ್ಬರಿಗೆ ಒಂದು, ಅದೂ ಈ ವಿರಾಮದಲ್ಲಿ ಎಂದು ಮನೆಯಲ್ಲೇ ಮಾತು ಮುಗಿಸಿಕೊಂಡು ಹೊರಡಿ. ನೀರಿಗೆ ಖಾಲಿ ಬಾಟಲಿಗಳನ್ನು ಒಯ್ದು, ಕುಡಿಯುವ ನೀರಿನ ನಲ್ಲಿ ಎಲ್ಲಿದೆಯೆಂದು ಒಳಹೊಕ್ಕ ಕೂಡಲೇ ವಿಚಾರಿಸಿ. ನೀರಿನಲ್ಲಿ ಆಡುವ ಮಕ್ಕಳಿಗೆ ಬಾಯಾರಿಕೆ ತಿಳಿಯುವುದಿಲ್ಲ, ನೀವೇ ಕರೆದು ಕುಡಿಸಬೇಕಾಗುತ್ತದೆ.

ಹಕ್ಕಿನ ಪ್ರಶ್ನೆಗೆ ಬರೋಣ. ಚಿತ್ರಮಂದಿರಗಳ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು, ಹೊರಗಿನ ತಿಂಡಿಯನ್ನು ನಿರ್ಬಂಧಿಸುವ ಹಕ್ಕು ಮಾಲೀಕರಿಗೆ ಇದೆ, ಆದರೆ ಕುಡಿಯುವ ನೀರನ್ನು ಉಚಿತವಾಗಿ ಒದಗಿಸಬೇಕು ಮತ್ತು ಶಿಶುಗಳ ಆಹಾರವನ್ನು ತಡೆಯಬಾರದು ಎಂದು ಹೇಳಿತು. ಆ ತೀರ್ಪು ಚಿತ್ರಮಂದಿರಗಳ ಕುರಿತಾದದ್ದಾದರೂ, ಉದ್ಯಾನದ ಗೇಟಿನಲ್ಲಿ ವಾದಕ್ಕೆ ನಿಂತು ಅರ್ಧ ದಿನ ಕಳೆದುಕೊಳ್ಳುವುದು ಜಾಣತನವಲ್ಲ. ಬಟ್ಟೆಯ ಚೀಲದಲ್ಲಿ ರೊಟ್ಟಿ ಬಚ್ಚಿಟ್ಟುಕೊಂಡು ಹೋಗುವುದನ್ನಂತೂ ಮಕ್ಕಳ ಕಣ್ಣೆದುರು ಮಾಡಬೇಡಿ. ನೀವು ಕೇಳಬಹುದಾದ ಹಕ್ಕು ಬೇರೆಯದಿದೆ: ಅಂಗಡಿಯಲ್ಲಿ ಕೊಳ್ಳುವ ನೀರಿನ ಬಾಟಲಿಗೆ ಅದರ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಮೇಜಿಗೆ ತಂದು ಬಡಿಸುವ ಹೋಟೆಲಿಗೆ ಈ ಮಿತಿ ಅನ್ವಯಿಸುವುದಿಲ್ಲವೆಂದು 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿರುವುದರಿಂದ, ನೀರನ್ನು ಊಟದ ಮೇಜಿನಲ್ಲಿ ಕೊಳ್ಳಬೇಡಿ.

ಅತ್ತೆಯವರ ವಿಚಾರದಲ್ಲಿ ಹಣದ ಲೆಕ್ಕ ಬದಿಗಿರಲಿ. ಎರಡೂವರೆಯ ಊಟ ಅವರಿಗೆ ತಡವಾಗಬಹುದು; ಅವರ ಮಾತ್ರೆ ಅಥವಾ ಇನ್ಸುಲಿನ್ ಹೊತ್ತಿಗೆ ಸರಿಯಾಗಿ ಅವರಿಗೆ ಮೊದಲೇ ಊಟ ಮಾಡಿಸಿ, ನೀವು ಯಾರಾದರೊಬ್ಬರು ಜೊತೆಗೆ ಕುಳಿತುಕೊಳ್ಳಿ. ವೈದ್ಯರ ಚೀಟಿಯನ್ನು ಕೈಯಲ್ಲಿ ಇಟ್ಟುಕೊಂಡು, ಅವರಿಗೆ ಬೇಕಾದ ಅಲ್ಪಾಹಾರದ ಬಗ್ಗೆ ಹೊರಡುವ ಮುನ್ನವೇ ಉದ್ಯಾನಕ್ಕೆ ಫೋನ್ ಮಾಡಿ ಕೇಳಿರಿ. ನಡುಕ, ಬೆವರು, ತಲೆಸುತ್ತು ಕಂಡರೆ ಕೂಡಲೇ ಮೂರು ಚಮಚ ಸಕ್ಕರೆ, ಎಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕರಗಿಸಿ ಕುಡಿಸಿ. 15 ನಿಮಿಷದಲ್ಲಿ ಚೇತರಿಸಿಕೊಳ್ಳದಿದ್ದರೆ ಇನ್ನೊಮ್ಮೆ ಕೊಟ್ಟು ವೈದ್ಯಕೀಯ ನೆರವು ಕೇಳಿ. ಸಕ್ಕರೆಯ ಸಣ್ಣ ಪೊಟ್ಟಣ ಅವರ ಕೈಚೀಲದಲ್ಲೇ ಇರಲಿ.

ಇನ್ನು ಆ 920 ರೂಪಾಯಿಯ ನೂಡಲ್ಸ್. ಸಂಜೆ ನೀರಿನಿಂದ ಎದ್ದ ಮಕ್ಕಳಿಗೆ ದಿನದ ಅತಿ ದೊಡ್ಡ ಹಸಿವು ಆಗುವುದು ಬಟ್ಟೆ ಬದಲಿಸುವ ಹೊತ್ತಿಗೆ. ಅದೇ ಹೊತ್ತಿಗೆ ನಿಮ್ಮವರು ಮುಂದಾಗಿ ಹೋಗಿ ಕಾರಿನ ಬಾಗಿಲು ತೆರೆದಿಟ್ಟು, ರೊಟ್ಟಿ, ಚಟ್ನಿಪುಡಿ, ಮಂಡಕ್ಕಿ ಹೊರತೆಗೆದಿರಲಿ. ಅದಕ್ಕಾಗಿ ಬುತ್ತಿಯ ಗಂಟನ್ನು ಡಿಕ್ಕಿಯ ತಳದಲ್ಲಿ ಸೂಟ್‌ಕೇಸುಗಳ ಕೆಳಗೆ ಹಾಕದೆ, ಎಲ್ಲಕ್ಕಿಂತ ಮೇಲೆ ಇಡಿ.