ಆಪ್ತಸಲಹೆ ಪ್ರಕರಣ: ಹದಿನಾಲ್ಕು ರಾತ್ರಿಗಳ ಲೆಕ್ಕ

ಗುರುತು ಸಿಗಬಾರದೆಂದು ಈ ಪ್ರಕರಣದಲ್ಲಿ ಊರು, ವಿಭಾಗ ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಿದ್ಯಾರ್ಥಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಎಂಜಿನಿಯರಿಂಗ್ ಮೂರನೇ ಸೆಮಿಸ್ಟರಿನ ಈ ಹುಡುಗನನ್ನು ನನ್ನ ಬಳಿಗೆ ಕಳುಹಿಸಿದವರು ಆತನ ಗಣಿತದ ಉಪನ್ಯಾಸಕರು. ಬೆಳಗಿನ ಮೊದಲ ತರಗತಿಯಲ್ಲಿ ತೂಕಡಿಸುತ್ತಾನೆ, ಕಾರಣ ಕೇಳಿದರೆ ತಲೆ ತಗ್ಗಿಸುತ್ತಾನೆ, ಮೊಬೈಲಿನ ಗೀಳು ಇರಬೇಕು ಎಂಬುದು ಅವರ ಅನುಮಾನವಾಗಿತ್ತು. ಉತ್ತರ ಕರ್ನಾಟಕದ ಹಳ್ಳಿಯೊಂದರಿಂದ ಬಂದು, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿಗಳಲ್ಲಿ ಒಳ್ಳೆಯ ಅಂಕ ಪಡೆದು, ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವನಿಗೆ ಈಗ ಮೂರು ವಿಷಯಗಳು ಬ್ಯಾಕ್ ಇದ್ದವು, ಅಂದರೆ ಪಾಸಾಗದೆ ಉಳಿದಿದ್ದವು. ಕುರ್ಚಿಯ ತುದಿಯಲ್ಲಿ ಕುಳಿತು ಆತ ಹೇಳಿದ ಮೊದಲ ಮಾತು ಇದು: "ನಾ ದಡ್ಡ ಅದೀನಿ ಅನ್ನೂದು ಈಗ ಗೊತ್ತಾತ್ರಿ ಮೇಡಂ."

ದಡ್ಡತನಕ್ಕೆ ಆತ ಕೊಟ್ಟ ಪುರಾವೆಯೇ ನನ್ನ ಗಮನ ಸೆಳೆಯಿತು. ಪಿಯುಸಿಯಲ್ಲಿ ಓದಿದ್ದಕ್ಕಿಂತ ಹೆಚ್ಚು ಹೊತ್ತು ಈಗ ಓದುತ್ತಿದ್ದಾನೆ, ಹಾಸ್ಟೆಲಿನ ಗೆಳೆಯರೊಂದಿಗೆ ವಾರಕ್ಕೆ ಒಂದೆರಡು ನೈಟ್ ಔಟ್ ಮಾಡುತ್ತಾನೆ, ಅಂದರೆ ರಾತ್ರಿಯಿಡೀ ಕೂತು ಓದುತ್ತಾನೆ, ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ಬಂದರೆ ಮಲಗುವುದೇ ಇಲ್ಲ. ಆದರೂ ಪ್ರಶ್ನೆಪತ್ರಿಕೆ ಕೈಗೆ ಬಂದಾಗ, ರಾತ್ರಿ ಮೂರು ಗಂಟೆಗೆ ಬಾಯಿಪಾಠ ಬಂದಿದ್ದ ಸೂತ್ರವೇ ನೆನಪಾಗುವುದಿಲ್ಲ. ಹಾಗಿದ್ದರೆ ತಪ್ಪು ತಲೆಯದ್ದೇ ಅಲ್ಲವೇ ಎಂಬುದು ಆತನ ತರ್ಕ.

ಸಲಹೆಗೆ ಮೊದಲು ತಿಳಿಯಬೇಕಾದ ಸಂಗತಿಗಳಿದ್ದವು. ಖಿನ್ನತೆಯ ಲಕ್ಷಣಗಳ ಬಗ್ಗೆ, ಸಾಯುವ ಯೋಚನೆ ಬಂದಿದೆಯೇ ಎಂಬುದರ ಬಗ್ಗೆ ನೇರವಾಗಿಯೇ ಕೇಳಿದೆ. ಅಂಥ ಯೋಚನೆ ಇರಲಿಲ್ಲ. ಆದರೂ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಜೋರು ಗೊರಕೆ, ರಕ್ತಹೀನತೆ, ಥೈರಾಯ್ಡ್ ತೊಂದರೆಗಳು ಸಹ ಹಗಲಿನ ಮಂಪರಿಗೆ ಕಾರಣವಾಗಬಲ್ಲವಾದ್ದರಿಂದ ವೈದ್ಯರಿಗೆ ತೋರಿಸಿ ಬರಲು ಹೇಳಿದೆ. ಅಲ್ಲಿಯೂ ದೋಷವೇನೂ ಕಾಣಲಿಲ್ಲ. ಬಳಿಕ ಎರಡು ವಾರ ನಿದ್ರೆಯ ಲೆಕ್ಕ ಬರೆಯಲು ಒಂದು ಚಿಕ್ಕ ನೋಟುಬುಕ್ಕು ಕೊಟ್ಟೆ.

ಮಲಗಿದ ಹೊತ್ತು ಒಂದು ದಿನ ಹನ್ನೊಂದೂವರೆ, ಮರುದಿನ ನಾಲ್ಕು, ಅದರ ಮರುದಿನ ಎರಡು. ವಾರದ ದಿನಗಳಲ್ಲಿ ಸರಾಸರಿ ಐದು ಗಂಟೆ ನಿದ್ರೆ. ಭಾನುವಾರ ಮಾತ್ರ ಮಧ್ಯಾಹ್ನದ ಊಟದವರೆಗೆ ಹನ್ನೊಂದು ಗಂಟೆ. ಮೊಬೈಲ್ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ರಾತ್ರಿಯ ದೊಡ್ಡ ಪಾಲು ಹೋಗಿದ್ದುದು ಓದಿಗೇ.

ಈ ವಯಸ್ಸಿನವರಿಗೆ ರಾತ್ರಿ ಏಳರಿಂದ ಒಂಬತ್ತು ಗಂಟೆಗಳ ನಿದ್ರೆ ಬೇಕೆಂದು ಹೇಳಿದಾಗ ಆತ ಸಣ್ಣಗೆ ನಕ್ಕ. ಪ್ರೌಢಶಾಲೆಯ ಗೋಡೆಯ ಮೇಲೆ ಬರೆದಿದ್ದ ವಿದ್ಯಾರ್ಥಿಯ ಐದು ಲಕ್ಷಣಗಳಲ್ಲಿ ಶ್ವಾನನಿದ್ರೆಯೂ (ನಾಯಿಯಂಥ ಎಚ್ಚರದ ನಿದ್ರೆ) ಒಂದಲ್ಲವೇ ಎಂದು ಕೇಳಿದ. ಆಮೇಲೆ ತುಸು ತಡೆದು, ತಂದೆ ಲಾರಿ ಚಾಲಕರೆಂದೂ, ಅವರು ರಾತ್ರಿಯಿಡೀ ಗಾಡಿ ಓಡಿಸುತ್ತಿರುವಾಗ ತಾನು ಹಾಸಿಗೆಯಲ್ಲಿ ಮಲಗಿರುವುದು ಸರಿಯೆನಿಸುವುದಿಲ್ಲವೆಂದೂ ಹೇಳಿದ. ಗಂಟು ಇದ್ದದ್ದು ಇಲ್ಲಿ. ಆತ ಎಚ್ಚರವಿರುತ್ತಿದ್ದುದು ಪಾಠಕ್ಕಾಗಿ ಎನ್ನುವುದಕ್ಕಿಂತ, ಋಣ ತೀರಿಸುವುದಕ್ಕಾಗಿ. ಅಂಥವನ ಮುಂದೆ ಬರೀ ಆರೋಗ್ಯದ ಉಪದೇಶ ಮಾಡಿದರೆ ಅದು ಕಿವಿಯ ಮೇಲೆಯೇ ಹಾದುಹೋಗುತ್ತದೆ.

ಆದ್ದರಿಂದ ಓದಿನ ಭಾಷೆಯಲ್ಲೇ ಮಾತನಾಡಿದೆ. ಹಗಲು ಓದಿದ್ದನ್ನು ಮಿದುಳು ಮೊದಲು ತಾತ್ಕಾಲಿಕವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಅದು ಗಟ್ಟಿಯಾಗಿ ಬೇರೂರುವ ಕೆಲಸದ ಬಹುಭಾಗ ನಡೆಯುವುದು ನಿದ್ರೆಯಲ್ಲಿ. ರಾತ್ರಿಯ ಮೊದಲರ್ಧದಲ್ಲಿ ಗಾಢನಿದ್ರೆ ಹೆಚ್ಚು, ಬೆಳಗಿನ ಜಾವದತ್ತ ಕನಸಿನ ನಿದ್ರೆ ಹೆಚ್ಚು. ನಾಲ್ಕಕ್ಕೆ ಮಲಗಿ ಎಂಟಕ್ಕೆ ಓಡುವವನಿಗೆ ಇಡೀ ರಾತ್ರಿಯ ಈ ನಿದ್ರೆ ಪೂರ್ತಿಯಾಗಿ ದಕ್ಕುವುದಿಲ್ಲ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹದಿನಾಲ್ಕು ದಿನ ರಾತ್ರಿಗೆ ಆರು ಗಂಟೆ ಮಾತ್ರ ಮಲಗಿದವರ ಗಮನಶಕ್ತಿ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು. ಅಷ್ಟಾದರೂ ಅವರಿಗೆ ತಾವು ಅಷ್ಟೊಂದು ಕುಗ್ಗಿದ್ದೇವೆ ಎಂಬ ಅರಿವೇ ಇರಲಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ತರಗತಿಯ ವಿದ್ಯಾರ್ಥಿಗಳ ಕೈಗೆ ನಿದ್ರೆ ಅಳೆಯುವ ಪಟ್ಟಿ ಕಟ್ಟಿ ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನವನ್ನೂ ವಿವರಿಸಿದೆ. ಅಂಕಗಳಲ್ಲಿನ ವ್ಯತ್ಯಾಸದ ಸುಮಾರು ನಾಲ್ಕನೇ ಒಂದು ಭಾಗ ನಿದ್ರೆಯ ಪ್ರಮಾಣ, ಗುಣಮಟ್ಟ ಮತ್ತು ನಿಯಮಿತತೆಯೊಂದಿಗೆ ತಳುಕು ಹಾಕಿಕೊಂಡಿತ್ತು. ಪರೀಕ್ಷೆಯ ಹಿಂದಿನ ಒಂದು ರಾತ್ರಿ ಚೆನ್ನಾಗಿ ಮಲಗಿದ್ದಕ್ಕೆ ಮಾತ್ರ ಅಂಕಗಳೊಡನೆ ಅಂಥ ನಂಟು ಕಾಣಲಿಲ್ಲ. ನಿದ್ರೆಯಿಂದಲೇ ಅಂಕ ಏರುತ್ತದೆಂದು ಇದು ಸಾಬೀತುಪಡಿಸುವುದಿಲ್ಲ ಎಂಬುದನ್ನೂ ಹೇಳಿದೆ, ಏಕೆಂದರೆ ಈ ಹುಡುಗ ಲೆಕ್ಕ ಕೇಳುವವನು. ಆದರೆ ಭಾನುವಾರದ ಹನ್ನೊಂದು ಗಂಟೆಯಿಂದ ವಾರದ ಸಾಲ ತೀರುತ್ತದೆಂಬ ಆತನ ನಂಬಿಕೆ ಅಲುಗಾಡಿತು.

ಇಲ್ಲಿ ನನ್ನ ತಪ್ಪೊಂದನ್ನು ದಾಖಲಿಸಬೇಕು. ಮೊದಲ ಸಲಹೆಯಾಗಿ ನಾನು ರಾತ್ರಿ ಹತ್ತಕ್ಕೇ ಮಲಗಲು ಹೇಳಿದ್ದೆ. ನಾಲ್ವರಿರುವ ಕೋಣೆಯಲ್ಲಿ ರಾತ್ರಿ ಒಂದು ಗಂಟೆಯವರೆಗೂ ದೀಪ ಉರಿಯುತ್ತದೆ, ಮೇಲಾಗಿ ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಈತನಿಗೆ ಸಂತೆಯೂ ಇತ್ತು, ಚಿಂತೆಯೂ ಇತ್ತು. ಮೂರು ಗಂಟೆ ಹೊರಳಾಡಿ, ಮಲಗುವುದರಲ್ಲೂ ತಾನು ಫೇಲ್ ಎಂದುಕೊಂಡು ಮರುವಾರ ಬಂದ.

ಎರಡನೇ ಬಾರಿ ಸಲಹೆಯನ್ನು ತಿರುಗಿಸಿದೆ. ಮಲಗುವ ಹೊತ್ತನ್ನು ಬಿಟ್ಟು ಏಳುವ ಹೊತ್ತನ್ನು ಹಿಡಿಯುವುದು: ಭಾನುವಾರವೂ ಸೇರಿ ದಿನವೂ ಆರೂವರೆಗೆ ಎದ್ದು, ಹತ್ತು ನಿಮಿಷ ಬಿಸಿಲಿನಲ್ಲಿ ಓಡಾಡುವುದು. ಓದನ್ನು ಮಂಚದಿಂದ ಗ್ರಂಥಾಲಯದ ವಾಚನಾಲಯಕ್ಕೆ ಒಯ್ಯುವುದು, ಏಕೆಂದರೆ ಮಂಚದ ಮೇಲೆಯೇ ಓದು, ಊಟ, ಮೊಬೈಲ್ ಎಲ್ಲವೂ ನಡೆದರೆ ಅಲ್ಲಿ ಒರಗಿದೊಡನೆ ನಿದ್ರೆ ಬರುವ ಅಭ್ಯಾಸ ತಪ್ಪುತ್ತದೆ. ಚಹಾದಲ್ಲಿನ ಕೆಫೀನ್ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕಾಗುವುದರಿಂದ ಸಂಜೆಯ ನಂತರದ ಚಹಾ ಬಿಡುವುದು. ತೂಕಡಿಕೆ ತಡೆಯದಿದ್ದರೆ ಮಧ್ಯಾಹ್ನ ಮೂರರ ಒಳಗೆ ಇಪ್ಪತ್ತು ನಿಮಿಷ ಮಾತ್ರ ಕಣ್ಣು ಮುಚ್ಚುವುದು. ನಿದ್ರೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವುದು, ಆದರೆ ಹನ್ನೆರಡರ ನಂತರ ಪುಸ್ತಕ ತೆರೆಯಬಾರದು. ಇಂಟರ್ನಲ್ಸ್ ಹಿಂದಿನ ರಾತ್ರಿಗೂ ಇದೇ ನಿಯಮ. ಈ ಕೊನೆಯದಕ್ಕೆ ಆತ ಒಪ್ಪಲು ಎರಡು ಭೇಟಿಗಳೇ ಹಿಡಿದವು.

ಒಪ್ಪಿಸಿದ್ದು ನಾನಲ್ಲ. ಆತನ ಅನುಮತಿಯಿಂದ ತಂದೆಗೆ ಸ್ಪೀಕರಿನಲ್ಲಿ ಫೋನ್ ಮಾಡಿ, ರಾತ್ರಿ ನಿದ್ರೆ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಸೈಡಿಗೆ ಹಾಕಿ ಮಲಗತೇನ್ರಿ. ಮಾಲು ಒಂದು ತಾಸು ತಡಾ ಆದ್ರ ಮಾಲಕ ಬೈತಾನ, ಬೈಲಿ. ನಿದ್ದಿಗಣ್ಣಾಗ ಗಾಡಿ ಎತ್ತೂದಿಲ್ಲ" ಎಂದರು. ಮಗ ಏನೂ ಮಾತಾಡಲಿಲ್ಲ. ಹದಿನೇಳು ತಾಸು ಸತತ ಎಚ್ಚರವಿದ್ದವನ ಚುರುಕು ಮದ್ಯ ಸೇವಿಸಿದವನಷ್ಟೇ ಮಂಕಾಗುತ್ತದೆಂಬ ಸಂಶೋಧನೆಯನ್ನು ಹೇಳಬೇಕೆಂದುಕೊಂಡಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಮುಂದಿನ ಎರಡು ತಿಂಗಳ ನೋಟುಬುಕ್ಕು ಅಚ್ಚುಕಟ್ಟಾಗಿಲ್ಲ. ಕಾಲೇಜಿನ ವಾರ್ಷಿಕೋತ್ಸವದ ವಾರ ಪೂರ್ತಿ ಖಾಲಿಯಿದೆ. ಕೋಣೆ ಬದಲಿಸಿಕೊಡುವಂತೆ ವಾರ್ಡನ್ನರಿಗೆ ನಾನು ಬರೆದ ಪತ್ರಕ್ಕೆ ಸೆಮಿಸ್ಟರ್ ಮುಗಿಯುವವರೆಗೂ ಉತ್ತರ ಬರಲಿಲ್ಲ. ಅಷ್ಟರಲ್ಲಿ ಹುಡುಗ ತಾನೇ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಮಲಗುವುದನ್ನು ರೂಢಿಸಿಕೊಂಡಿದ್ದ. ನಿದ್ರೆ ಸರಾಸರಿ ಆರೂಮುಕ್ಕಾಲು ಗಂಟೆಗೆ ಬಂದು ನಿಂತಿತು, ಓದಿನ ಹೊತ್ತು ದಿನಕ್ಕೆ ಒಂದೂವರೆ ತಾಸು ಇಳಿಯಿತು. ಮೂರು ಬ್ಯಾಕ್‌ಗಳಲ್ಲಿ ಎರಡು ಪಾಸಾದವು. ಅದು ನಿದ್ರೆಯಿಂದಲೋ, ಎರಡನೇ ಬಾರಿ ಓದಿದ್ದರಿಂದಲೋ ನಾನು ಬಿಡಿಸಿ ಹೇಳಲಾರೆ. ಉಳಿದದ್ದು ಗಣಿತ, ಅದಕ್ಕೆ ನಿದ್ರೆಯ ಜೊತೆಗೆ ಪಾಠವೂ ಬೇಕು ಎಂದು ಅದೇ ಉಪನ್ಯಾಸಕರ ಬಳಿ ವಾರಕ್ಕೆರಡು ಸಂಜೆ ಕೂರುವ ವ್ಯವಸ್ಥೆ ಮಾಡಿದ್ದೇವೆ.